ಗಂಧದ ಬೊಟ್ಟು, ಸಾಸಿವೆಯಷ್ಟು ತೂತು

ಕಳೆದ ಚಳಿಗಾಲದಲ್ಲಿ ಅಣ್ಣನ ಮಗಳು ಶ್ರುತಿ ಕೆನಡಾದಿಂದ ವಿಡಿಯೋ ಕಾಲ್ ಮಾಡಿದಳು. ಅಲ್ಲಿ ಅವಳು ನರ್ಸ್. ಸ್ವೆಟರಿನ ಮೇಲೆ ಸ್ವೆಟರ್, ಅದರ ಮೇಲೆ ಕಂಬಳಿ. ಮುಖದಲ್ಲಿ ಮೂಗು ಮಾತ್ರ ಕಾಣುತ್ತಿತ್ತು. ಮನೆಯನ್ನು ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ನಿಂತುಹೋಗಿದೆ, ರಿಪೇರಿಯವರು ಬರುವುದು ನಾಳೆಯಂತೆ, ಪ್ರೆಶರ್ ಸ್ವಿಚ್ಚಿನ ದೋಷ ಎಂದು ತೋರಿಸುತ್ತಿದೆ ಎಂದಳು. ನಾನು ಆದಿ ಉಡುಪಿಯ ನಮ್ಮ ಮನೆಯ ಜಗಲಿಯಲ್ಲಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದೆ.

ಮೊದಲು ಕರೆಂಟು ಮತ್ತು ಗ್ಯಾಸ್ ಎರಡನ್ನೂ ಬಂದ್ ಮಾಡು, ಆಮೇಲೆ ಮುಚ್ಚಳ ತೆಗೆದು ಒಳಗೆ ತೋರಿಸು ಎಂದೆ. ತೋರಿಸಿದಳು. ಮನೆಯ ಫರ್ನೇಸನ್ನು ನಾನು ನೋಡಿದ್ದು ಅದೇ ಮೊದಲು. ಆದರೆ ಅದರೊಳಗೆ ನನ್ನ ಹಳೆಯ ಪರಿಚಯದವನೇ ಕೂತಿದ್ದ: ನಿಪ್ಪಟ್ಟಿನಷ್ಟು ಅಗಲದ ದುಂಡನೆಯ ಡಬ್ಬಿಯಂಥ ಪ್ರೆಶರ್ ಸ್ವಿಚ್ಚು, ಅದರ ಹಿಂದಿನಿಂದ ಹೊರಟ ರಬ್ಬರ್ ಟ್ಯೂಬು. ಟ್ಯೂಬು ಜೋತುಬಿದ್ದ ಕಡೆ ನೀರು ನಿಂತಿತ್ತು. ಟ್ಯೂಬನ್ನು ಎರಡೂ ಕಡೆ ಬಿಚ್ಚಿ, ನೀರು ಜಾಡಿಸಿ, ಜೋಲಾಡದ ಹಾಗೆ ಸಿಕ್ಕಿಸಿ, ಮುಚ್ಚಳ ಹಾಕಿ ಗ್ಯಾಸು, ಕರೆಂಟು ಬಿಡು ಎಂದೆ. ಸ್ವಲ್ಪ ಹೊತ್ತಿನಲ್ಲಿ ಫರ್ನೇಸ್ ಹೊತ್ತಿಕೊಂಡ ಸದ್ದು ನನಗೂ ಕೇಳಿಸಿತು. ನಾಳೆ ಬರುವವರನ್ನು ಬರಬೇಡಿ ಎನ್ನಬೇಡ, ನೀರು ಯಾಕೆ ನಿಂತಿತು ಎಂದು ಅವರು ನೋಡಲಿ ಎಂದೂ ಹೇಳಿದೆ.

ಅವಳು ಕಂಬಳಿಯಿಂದ ಮುಖ ಹೊರಗೆ ಹಾಕಿ ಕೇಳಿದಳು, "ಅತ್ತೆ, ನಿಮ್ಮ ಊರಿನಲ್ಲಿ ಫರ್ನೇಸೇ ಇಲ್ಲ. ನಿಮಗೆ ಇದೆಲ್ಲ ಹೇಗೆ ಗೊತ್ತು?"

ಆ ಪ್ರಶ್ನೆಗೆ ಉತ್ತರ ಉದ್ದ ಉಂಟು. ಬರ್ನರ್ ರಿಪೇರಿಯ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೂ ಉಪಯೋಗಕ್ಕೆ ಬಂದೀತು ಎಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ಸುಲೋಚನಾ. ಕಾಪುವಿನಿಂದ ಕಾರ್ಕಳದ ತನಕ ಬೇಕರಿಯವರಿಗೆಲ್ಲ 'ಬರ್ನರ್ ಸುಲೋಚನಕ್ಕ'. ಹೊಸಬರು ಇದನ್ನು ನನ್ನ ಸಿಟ್ಟು ನೋಡಿ ಇಟ್ಟ ಹೆಸರು ಎಂದುಕೊಳ್ಳುತ್ತಾರೆ. ಅದನ್ನು ಪೂರ್ತಿ ಸುಳ್ಳು ಎಂದು ಹೇಳಲಿಕ್ಕೆ ನನಗೂ ಧೈರ್ಯವಿಲ್ಲ. ಐಟಿಐಯಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಕಲಿತು, ಆದಿ ಉಡುಪಿಯ ಮಾರುಕಟ್ಟೆ ಯಾರ್ಡಿನ ಹತ್ತಿರ ಇದ್ದ ಒಂದು ಸಣ್ಣ ಕಂಪೆನಿಗೆ ಸೇರಿದೆ. ಬೇಕರಿಯ ಓವನ್, ಬಟ್ಟೆ ಒಣಗಿಸುವ ಯಂತ್ರ, ಹಪ್ಪಳ ಒಣಗಿಸುವ ಯಂತ್ರ, ಹೀಗೆ ಗ್ಯಾಸಿನಲ್ಲಿ ಉರಿಯುವ ಎಲ್ಲವನ್ನೂ ಕೂರಿಸಿ, ಕೆಟ್ಟಾಗ ಸರಿಮಾಡುವುದು ನಮ್ಮ ಕೆಲಸ. ಪ್ರಮೋಷನ್ ವಿಷಯ ನಾನು ಬರೆಯುವುದಿಲ್ಲ. ನಮ್ಮಲ್ಲಿ ಪ್ರಮೋಷನ್ ಎಂದರೆ ಫ್ಯಾನಿನ ಕೆಳಗಿನ ಕುರ್ಚಿ ಸಿಗುವುದು, ಅಷ್ಟೆ.

ಮಾಲೀಕರು ಶೆಣೈ ಸರ್. ಒಳ್ಳೆಯ ಮನುಷ್ಯ, ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ದೈವಭಕ್ತಿ. ಅಂಗಿಯ ಜೇಬಿನಲ್ಲಿ ಯಾವಾಗಲೂ ಯಾವುದಾದರೊಂದು ದೇವಸ್ಥಾನದ ಪ್ರಸಾದದ ಪೊಟ್ಟಣ. ನನ್ನ ಸರ್ಟಿಫಿಕೇಟು ನೋಡಿ ಸಂತೋಷಪಟ್ಟರು, ಕೆಲಸ ಕೊಟ್ಟರು, ಆಮೇಲೆ ಮೇಜಿನ ಮೇಲಿದ್ದ ಫೋನನ್ನು ನನ್ನ ಮುಂದೆ ಸರಿಸಿದರು. ಹೆಣ್ಣುಮಗಳು ಚಿಮಣಿ ನೋಡಲಿಕ್ಕೆ ಮಾಡಿನ ಮೇಲೆ ಹತ್ತಿದರೆ ಗಿರಾಕಿಗಳು ಏನೆಂದುಕೊಳ್ಳುತ್ತಾರೆ ಎನ್ನುವುದು ಅವರ ಚಿಂತೆ. ಸ್ಕ್ರೂಡ್ರೈವರ್ ಹಿಡಿಯಲು ಬಂದವಳು ರಿಸೀವರ್ ಹಿಡಿದು ಕೂತೆ.

ಆ ವರ್ಷದ ಆಯುಧ ಪೂಜೆ ನನಗೆ ಈಗಲೂ ನೆನಪಿದೆ. ಹಿಂದಿನ ದಿನ ಎಲ್ಲರೂ ತಮ್ಮ ತಮ್ಮ ಹತ್ಯಾರುಗಳನ್ನು ತೊಳೆದು, ಎಣ್ಣೆ ಒರೆಸಿ, ದೇವರ ಪಟದ ಮುಂದೆ ಬಾಳೆಲೆಯ ಮೇಲೆ ಸಾಲಾಗಿ ಇಟ್ಟರು. ಹಿರಿಯ ಮೆಕ್ಯಾನಿಕ್ ಗಿರಿಧರಣ್ಣನ ನಟ್ಟು ಬಿಚ್ಚುವ ಪಾನಾಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಶೆಣೈ ಸರ್ ಮಡಿಯುಟ್ಟು, ಗಂಧದ ಬಟ್ಟಲು ಹಿಡಿದು, ಉಂಗುರದ ಬೆರಳಿನಿಂದ ಒಂದೊಂದಕ್ಕೂ ಬೊಟ್ಟು ಇಡುತ್ತಾ ಬಂದರು. ಸಾಲಿನ ಕೊನೆಯಲ್ಲಿ ನನ್ನ ಹತ್ಯಾರು ಕೂತಿತ್ತು: ಟೆಲಿಫೋನು. ಅದಕ್ಕೂ ಗಂಧ ಹಚ್ಚಿ, ಕುಂಕುಮ ಇಟ್ಟು, ಸೇವಂತಿಗೆ ಮಾಲೆ ಹಾಕಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಅತ್ತುಬಿಟ್ಟೆ. ಆ ಸಾಲಿನಲ್ಲಿ ನನ್ನ ಹತ್ಯಾರಿನ ಚೀಲ ಇರಬೇಕು ಎನ್ನುವುದೊಂದೇ ನನ್ನ ಆಸೆಯಾಗಿತ್ತು. ಬೇರೆ ದೊಡ್ಡ ಆಸೆಗಳು ನನಗೆ ಇರಲಿಲ್ಲ.

ಆದರೆ ಫೋನು ನನಗೆ ಕಲಿಸಿದ್ದನ್ನು ಯಾವ ಐಟಿಐಯೂ ಕಲಿಸಲಿಲ್ಲ. ಅದು ಅರ್ಥವಾಗಬೇಕಾದರೆ ಈ ಪ್ರೆಶರ್ ಸ್ವಿಚ್ಚು ಎಂತ ಮಾಡುತ್ತದೆ ಎಂದು ಮೊದಲು ಹೇಳಬೇಕು.

ಗ್ಯಾಸ್ ಉರಿದರೆ ಹೊಗೆ ಬರುತ್ತದೆ. ಕಣ್ಣಿಗೆ ಕಾಣದ, ಮೂಗಿಗೆ ಗೊತ್ತಾಗದ ವಿಷವೂ ಅದರಲ್ಲಿ ಇರಬಹುದು. ಅದು ಚಿಮಣಿಯಿಂದ ಹೊರಗೆ ಹೋಗಲೆಂದು ಒಂದು ಫ್ಯಾನ್ ಇರುತ್ತದೆ. ಫ್ಯಾನ್ ತಿರುಗಿ ಗಾಳಿಯನ್ನು ಸರಿಯಾಗಿ ಎಳೆಯುತ್ತಿದೆಯೇ ಎಂದು ನೋಡುವ ಕಾವಲುಗಾರನೇ ಪ್ರೆಶರ್ ಸ್ವಿಚ್. ದುಂಡು ಡಬ್ಬಿಯ ನಡುವೆ ತೆಳ್ಳನೆಯ ರಬ್ಬರಿನ ಪರದೆ. ಹಿಂದಿನ ಕೋಣೆಗೆ ಫ್ಯಾನಿನ ಕಡೆಯಿಂದ ಟ್ಯೂಬು ಬಂದು ಸೇರುತ್ತದೆ. ಎಳನೀರಿಗೆ ಸ್ಟ್ರಾ ಹಾಕಿ ಎಳೆದ ಹಾಗೆ ಫ್ಯಾನ್ ಆ ಕಡೆಯ ಗಾಳಿಯನ್ನು ಎಳೆಯುತ್ತದೆ, ಪರದೆ ಬಾಗುತ್ತದೆ, 'ಟಕ್' ಎಂದು ಸ್ವಿಚ್ ಕೂಡಿಕೊಳ್ಳುತ್ತದೆ. ಆಗ ಮಾತ್ರ ಗ್ಯಾಸ್ ಬಿಡಲು ಅಪ್ಪಣೆ. ಟಕ್ ಇಲ್ಲದಿದ್ದರೆ ಬೆಂಕಿ ಇಲ್ಲ.

ಆದ್ದರಿಂದ ಒಲೆ ಹೊತ್ತದಿದ್ದಾಗ ಮೊದಲು ಬೈಗುಳ ತಿನ್ನುವುದು ಇದೇ ಸ್ವಿಚ್ಚು. ಗಿರಿಧರಣ್ಣನ ಜೇಬಿನಲ್ಲಿ ಎರಡೂ ತುದಿ ಕೆರೆದ ಒಂದು ಕೆಂಪು ವಯರಿನ ತುಂಡು ಸದಾ ಇರುತ್ತಿತ್ತು. ಅದಕ್ಕೆ ಜಂಪರ್ ಎನ್ನುತ್ತಾರೆ. ಸ್ವಿಚ್ಚಿನ ಎರಡು ಕಾಲುಗಳಿಗೆ ಅದನ್ನು ಸಿಕ್ಕಿಸಿದರೆ ಕಾವಲುಗಾರನ ಬಾಯಿ ಮುಚ್ಚಿದ ಹಾಗೆ. ಚಿಮಣಿ ಕಟ್ಟಿದ್ದರೂ ಒಲೆ ಹೊತ್ತಿಕೊಳ್ಳುತ್ತದೆ. ಅವರು ಕೆಟ್ಟವರಲ್ಲ, ಅವಸರದವರು. ಗಿರಾಕಿಯ ಮುಖ ಸಣ್ಣದಾದರೆ ಅವರಿಗೆ ನೋಡಲಿಕ್ಕಾಗುತ್ತಿರಲಿಲ್ಲ.

ನಾನು ಫೋನಿನಲ್ಲಿ ಒಂದು ಉಪಾಯ ಕಂಡುಕೊಂಡೆ. ಯಾರಾದರೂ ಓವನ್ ಹೊತ್ತುವುದಿಲ್ಲ ಎಂದರೆ, ರಿಸೀವರನ್ನು ಓವನಿನ ಪಕ್ಕ ಹಿಡಿದು ಬಟನ್ ಒತ್ತಿ ಎನ್ನುತ್ತಿದ್ದೆ. ಕಿವಿ ಕೊಟ್ಟು ಕೇಳುತ್ತಿದ್ದೆ. ಫ್ಯಾನಿನ ಸದ್ದು ಬಂದು ಟಕ್ ಬರದಿದ್ದರೆ ಎಲ್ಲೋ ಕಟ್ಟಿದೆ. ಟಕ್ ಟಕ್ ಟಕ್ ಎಂದು ಹಲ್ಲಿಯ ಹಾಗೆ ಲೊಚಗುಟ್ಟಿದರೆ ಚಿಮಣಿಗೆ ಎದುರು ಗಾಳಿ ಬಡಿಯುತ್ತಿದೆ. ಮಲ್ಪೆ, ಕಾಪುಗಳ ಕಡಲ ಗಾಳಿಯಲ್ಲಿ ಇದು ಮಾಮೂಲು. ಮಣಿಪಾಲದ ಒಂದು ಹಾಸ್ಟೆಲ್ ಲಾಂಡ್ರಿಯಿಂದ ಫೋನ್ ಬಂದಾಗ ಫ್ಯಾನಿನ ಸದ್ದೇ ಮೂಗು ಕಟ್ಟಿದವರ ಹಾಗೆ ಇತ್ತು. ಟವೆಲ್ಲಿನ ಜುಂಗು ಸಿಕ್ಕಿರಬೇಕು ಎಂದು ಹೇಳಿ ಕಳುಹಿಸಿದೆ. ಗಿರಿಧರಣ್ಣ ಹೋಗಿ ಒಂದು ದಿಂಬು ತುಂಬುವಷ್ಟು ಜುಂಗು ಎಳೆದು ತಂದರು. ಅಲ್ಲಿಯವರು ಅವರಿಗೆ ಕಾಫಿ, ಬನ್ಸ್ ಕೊಟ್ಟು ಹೊಗಳಿದರಂತೆ. ಬನ್ಸ್ ತಿಂದ ಕತೆಯನ್ನು ಅವರು ನನಗೇ ಬಂದು ಹೇಳಿದರು.

ಒಮ್ಮೆ ಫೋನಿನ ರಿಪೇರಿ ನನಗೇ ತಿರುಗಿಬಿತ್ತು. ಕಾರ್ಕಳದಿಂದ ಅಜೆಕಾರಿಗೆ ಹೋಗುವ ದಾರಿಯಲ್ಲಿ ಒಂದು ಹಲಸಿನ ಹಪ್ಪಳದ ಘಟಕ ಇತ್ತು. ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೂ ಹಪ್ಪಳ ಒಣಗಲೆಂದು ನಾವು ಗ್ಯಾಸಿನ ಯಂತ್ರ ಕೂರಿಸಿದ್ದೆವು. ಅದರ ಟ್ಯೂಬಿನೊಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿದೆ ಎಂದು ಫೋನಿನಲ್ಲೇ ಪತ್ತೆಹಚ್ಚಿ, ಟ್ಯೂಬಿಗೆ ಬಾಯಿಂದ ಊದಿ ಎಂದೆ. ಸ್ವಿಚ್ಚಿನಿಂದ ಬಿಚ್ಚಿಕೊಂಡು ಊದಿ ಎನ್ನಲು ಮರೆತೆ. ಅಲ್ಲಿದ್ದವರು ಚೆಂಡೆ ಮೇಳದಲ್ಲಿ ಕೊಂಬು ಊದುವ ಮನುಷ್ಯ. ಒಂದೇ ಉಸಿರಿಗೆ ಪರದೆ ಹರಿದುಹೋಯಿತು. ಅವತ್ತು ಶೆಣೈ ಸರ್ ಹೇಳಿದ ಮಾತು ಯಾರ್ಡಿನ ತೆಂಗಿನಕಾಯಿ ವ್ಯಾಪಾರಿಗಳಿಗೂ ಕೇಳಿಸಿತು: ಇನ್ನು ಮೇಲೆ ನಾನು ದೂರು ಬರೆದುಕೊಳ್ಳುವುದು ಮಾತ್ರ, ರಿಪೇರಿಗೆ ಬಾಯಿ ಹಾಕಬಾರದು. ಗಿರಾಕಿಗಳ ಜಾಗಕ್ಕೆ ಕಳುಹಿಸುವ ವಿಷಯವನ್ನಂತೂ ಎತ್ತಲೇಬಾರದು.

ನಾನು ಸುಮ್ಮನಿರುವ ಪೈಕಿ ಅಲ್ಲ. ಆದರೂ ಸ್ವಲ್ಪ ಕಾಲ ಸುಮ್ಮನಿದ್ದೆ.

ಮುಂದಿನ ನವರಾತ್ರಿಯ ಹೊತ್ತಿಗೆ ಕಾಪುವಿನ ವನಜಕ್ಕ ಹೊಸ ಗ್ಯಾಸ್ ಓವನ್ ಹಾಕಿಸಿದ್ದರು. ವನಜಕ್ಕ ಮೊಗವೀರರ ಹೆಂಗಸು. ಗಂಡನ ದೋಣಿಯ ಬಲೆ ಇಡುತ್ತಿದ್ದ ಕೊಟ್ಟಿಗೆಯನ್ನೇ ಬೇಕರಿ ಮಾಡಿಕೊಂಡು, ಮೊದಲು ಕಟ್ಟಿಗೆಯ ಒಲೆಯಲ್ಲಿ ಬ್ರೆಡ್ಡು, ಬನ್ನು ಸುಡುತ್ತಿದ್ದರು. ಮಣಿಪಾಲದಲ್ಲಿ ಆಸ್ಪತ್ರೆಯ ಹತ್ತಿರದ ಒಂದು ಕ್ಯಾಂಟೀನಿಗೆ ದಿನಾ ಬೆಳಿಗ್ಗೆ ಬನ್ನು ಕೊಡುವ ಆರ್ಡರು ಸಿಕ್ಕಿದ್ದರಿಂದಲೇ ಗ್ಯಾಸ್ ಓವನ್ ಬಂದದ್ದು. ಹೊಸ ಓವನಿಗೆ ಮೊದಲ ಆಯುಧ ಪೂಜೆ ಎಂದು ಶೆಣೈ ಸರ್ ಅವರನ್ನು ಕರೆದಿದ್ದರು. ಸರ್ ಹೋಗಿ ಬಂದು, ವನಜಕ್ಕನ ಪೂಜೆಯ ಶಿಸ್ತನ್ನು ಬಾಯಿತುಂಬ ಹೊಗಳಿದರು. ಹೊಸ ಭತ್ತದ ತೆನೆ ಕಟ್ಟಿದ್ದರಂತೆ, ಅಡಿಕೆ ಹೂವಿನ ಪಿಂಗಾರ ಏರಿಸಿದ್ದರಂತೆ, ಓವನಿನ ಪಕ್ಕದ ಮುಚ್ಚಳವನ್ನೂ ತೆಗೆದಿಟ್ಟು ಒಳಗಿನ ಮೋಟಾರಿಗೂ ದೀಪ ತೋರಿಸಿದರಂತೆ.

ವಿಜಯದಶಮಿಯ ಬೆಳಿಗ್ಗೆ ಓವನ್ ಹೊತ್ತಲಿಲ್ಲ.

ಗಿರಿಧರಣ್ಣ ಹೋದರು. ಚಿಮಣಿ ಹತ್ತಿ ನೋಡಿದರು, ಸ್ವಚ್ಛ. ಟ್ಯೂಬು ಬದಲಿಸಿದರು, ಹೊತ್ತಲಿಲ್ಲ. ಒಮ್ಮೊಮ್ಮೆ ತಾನಾಗಿಯೇ ಹೊತ್ತಿತು, ಮತ್ತೆ ನಿಂತಿತು. ವನಜಕ್ಕ ಹಳೆಯ ಕಟ್ಟಿಗೆಯ ಒಲೆಗೆ ಬೆಂಕಿ ಹಾಕಿ ಅರ್ಧಂಬರ್ಧ ಬನ್ನು ಕಳುಹಿಸಿದರು. ಕ್ಯಾಂಟೀನಿನವರು ಇನ್ನೊಂದು ದಿನ ಹೀಗಾದರೆ ಬೇರೆ ಬೇಕರಿ ನೋಡಿಕೊಳ್ಳುತ್ತೇವೆ ಎಂದರು. ಸ್ವಿಚ್ಚೇ ಹಾಳು, ಹೊಸದು ಮುಂಬಯಿಯಿಂದ ಬರಬೇಕು, ಅದು ಬರುವ ತನಕ ಜಂಪರ್ ಹಾಕುವುದೇ ದಾರಿ ಎಂದು ಗಿರಿಧರಣ್ಣ ತೀರ್ಪು ಕೊಟ್ಟರು.

ಮರುದಿನ ವನಜಕ್ಕ ಆಫೀಸಿಗೆ ಫೋನ್ ಮಾಡಿದಾಗ ನಾನು ಬರೆದುಕೊಳ್ಳುವುದನ್ನು ಬಿಟ್ಟು, ಹಳೆಯ ಚಾಳಿಯಂತೆ ರಿಸೀವರ್ ಓವನಿನ ಹತ್ತಿರ ಹಿಡಿಯಿರಿ ಎಂದೆ. ಫ್ಯಾನ್ ಗುಂಯ್ ಎಂದಿತು, ಗಟ್ಟಿಯಾದ, ಆರೋಗ್ಯವಂತ ಸದ್ದು. ಟಕ್ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಟ್ಟಿಗೆಯ ಒಲೆ ಉರಿದು ಕೋಣೆಯೆಲ್ಲ ಬಿಸಿಯಾದ ಮೇಲೆ ಇನ್ನೊಮ್ಮೆ ಕೇಳಿದೆ. ಈ ಸಲ ಫ್ಯಾನ್ ತಿರುಗುವ ಮೊದಲೇ ಟಕ್ ಎಂದಿತು. ಫ್ಯಾನ್ ನಿಂತಿರುವಾಗಲೇ ಸ್ವಿಚ್ ಕೂಡಿದ್ದರೆ ಯಂತ್ರ ಅದನ್ನು ನಂಬುವುದಿಲ್ಲ, ಬಾಗಿಲು ಹಾಕಿಕೊಂಡು ಕೂರುತ್ತದೆ. ನನಗೆ ತಲೆ ಕೆಟ್ಟುಹೋಯಿತು. ತಂಪಿನಲ್ಲಿ ಎಳೆದರೂ ಬಾಗದ, ಬಿಸಿಯಲ್ಲಿ ಎಳೆಯದೆಯೇ ಬಾಗುವ ಪರದೆಯನ್ನು ನಾನು ಕಂಡಿರಲಿಲ್ಲ, ಕೇಳಿರಲೂ ಇಲ್ಲ. ಹಾಳಾದ ಸ್ವಿಚ್ಚು ಒಂದೇ ರೀತಿ ಹಾಳಾಗುತ್ತದೆ. ಇದು ಹವೆ ನೋಡಿ ಬುದ್ಧಿ ಬದಲಿಸುತ್ತಿತ್ತು.

ನಾನು ನೇರ ಶೆಣೈ ಸರ್ ಅವರ ಕೋಣೆಗೆ ಹೋಗಿ, ನನ್ನನ್ನು ಕಾಪುವಿಗೆ ಕಳುಹಿಸಿ, ಜಂಪರ್ ಹಾಕಿಸಬೇಡಿ ಎಂದೆ. ಅವರು ಕೊಂಬು ಊದಿದವನ ಕತೆಯನ್ನು ಮೊದಲಿನಿಂದ ಹೇಳಿದರು. ನಾನು ನಿಂತೇ ಇದ್ದೆ. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೋಗು. ಸರಿಯಾಗದಿದ್ದರೆ ಗಿರಿಧರ ವಯರು ಹಾಕುತ್ತಾನೆ. ಆಮೇಲೆ ನೀನು ಆ ಫೋನಿನ ಮುಂದಿನಿಂದ ಏಳುವ ಮಾತನ್ನು ನನ್ನ ಹತ್ತಿರ ಎತ್ತಬಾರದು. ಆಯ್ತಾ?"

ಆಯಿತು ಎಂದೆ. ಬಸ್ಸು ಹತ್ತಿ ಕೂತೆ. ಮಡಿಲಲ್ಲಿ ನನ್ನ ಚೀಲ, ಅದರಲ್ಲಿ ಎರಡು ಸ್ಕ್ರೂಡ್ರೈವರ್, ಒಂದು ಪಕ್ಕಡ್, ಮತ್ತೆ ನಾನೇ ಮಾಡಿಕೊಂಡಿದ್ದ ಮಾನೋಮೀಟರ್. ಮಾನೋಮೀಟರ್ ಎಂದರೆ ಹೆದರಬೇಡಿ: ಶಾಲೆಯ ಮರದ ಸ್ಕೇಲಿಗೆ ಕಟ್ಟಿದ ಪಾರದರ್ಶಕ ಟ್ಯೂಬು, ಅದರ ಬಗ್ಗಿದ ಹೊಟ್ಟೆಯಲ್ಲಿ ಸ್ವಲ್ಪ ಬಣ್ಣದ ನೀರು. ಒಂದು ಬಾಯಿಯನ್ನು ಓವನಿನ ಟ್ಯೂಬಿಗೆ ಸಿಕ್ಕಿಸಿ ಇನ್ನೊಂದನ್ನು ತೆರೆದು ಬಿಟ್ಟರೆ, ಫ್ಯಾನ್ ಎಷ್ಟು ಎಳೆಯುತ್ತಿದೆ ಎಂದು ನೀರೇ ಏರಿ ತೋರಿಸುತ್ತದೆ.

ಬೇಕರಿಯಲ್ಲಿ ಗಿರಿಧರಣ್ಣ ಓವನಿನ ಮುಚ್ಚಳ ಬಿಚ್ಚಿ, ಕೆಂಪು ವಯರು ಕೈಯಲ್ಲಿ ಹಿಡಿದು ಮೈದಾ ಚೀಲದ ಮೇಲೆ ಕೂತಿದ್ದರು. ನಾದಿದ ಹಿಟ್ಟು ಪಾತ್ರೆಗಳಲ್ಲಿ ಉಬ್ಬುತ್ತಾ ಇತ್ತು. ವನಜಕ್ಕ ಅದರ ಮುಖ ನೋಡುತ್ತಿದ್ದರು, ನನ್ನ ಮುಖ ನೋಡುತ್ತಿದ್ದರು.

"ಸುಲೋಚನಾ, ಹಿಟ್ಟು ಕಾಯುವುದಿಲ್ಲ," ಎಂದರು. "ವಯರು ಹಾಕಿದರೆ ಎಂತ ಆಗ್ತದೆ?"

"ಇವತ್ತು ಎಂತದೂ ಆಗ್ಲಿಕ್ಕಿಲ್ಲ. ಒಂದು ದಿನ ಚಿಮಣಿಯಲ್ಲಿ ಕಾಗೆ ಗೂಡು ಕಟ್ಟಿದರೆ, ಹೊಗೆ ಇಲ್ಲೇ ಸುತ್ತುತ್ತದೆ. ನಿಮಗೆ ನಿದ್ರೆ ಬಂದ ಹಾಗೆ ಆಗ್ತದೆ ವನಜಕ್ಕ. ಮತ್ತೆ ಎಚ್ಚರ ಆಗುವುದಿಲ್ಲ."

ವನಜಕ್ಕನ ಜೊತೆ ಕೆಲಸ ಮಾಡುವ ನಾಲ್ಕಾರು ಹೆಂಗಸರು ಅದೇ ಕೋಣೆಯಲ್ಲಿ ಬನ್ನು ಉಂಡೆ ಕಟ್ಟುತ್ತಿದ್ದರು. ವನಜಕ್ಕ ಅವರ ಕಡೆ ಒಮ್ಮೆ ನೋಡಿ, ಹಾಗಾದರೆ ನೀನು ನೋಡು, ಬನ್ನು ಹೋದರೆ ಹೋಗಲಿ ಎಂದರು. ಗಿರಿಧರಣ್ಣ ವಯರನ್ನು ಜೇಬಿಗೆ ಹಾಕಿಕೊಂಡರು. ಆ ಮಾತಿಗಾಗಿ ನಾನು ವನಜಕ್ಕನನ್ನು ಇವತ್ತಿಗೂ ನೆನೆಯುತ್ತೇನೆ.

ಮಾನೋಮೀಟರ್ ಸಿಕ್ಕಿಸಿ ಫ್ಯಾನ್ ಹಾಕಿಸಿದೆ. ನೀರು ಚೆನ್ನಾಗಿಯೇ ಏರಿತು. ಚಿಮಣಿ ಸರಿ, ಫ್ಯಾನ್ ಸರಿ, ಟ್ಯೂಬು ಸರಿ. ಹಾಗಾದರೆ ಸ್ವಿಚ್ಚೇ ಅಲ್ವಾ, ನಾನು ಹೇಳಿದ್ದು ಅದನ್ನೇ ಅಲ್ವಾ ಎಂದರು ಗಿರಿಧರಣ್ಣ. ಅವರ ಲೆಕ್ಕ ತಪ್ಪಿರಲಿಲ್ಲ. ಫೋನಿನ ಕರಿಯ ರಿಸೀವರ್ ಕಣ್ಣ ಮುಂದೆ ಬಂತು. ಇಷ್ಟು ತಂಟೆ ಕೊಟ್ಟವನ ಮುಖವನ್ನಾದರೂ ಸರಿಯಾಗಿ ನೋಡೋಣ ಎಂದು ಕರೆಂಟು ಬಂದ್ ಮಾಡಿಸಿ, ಟಾರ್ಚು ಹಿಡಿದು ಬಗ್ಗಿದೆ.

ಮೋಟಾರಿಗೆ ಒಂದು ಗಂಧದ ಬೊಟ್ಟು. ಗ್ಯಾಸಿನ ವಾಲ್ವಿಗೆ ಒಂದು ಬೊಟ್ಟು. ವಯರಿನ ಪೆಟ್ಟಿಗೆಗೆ ಒಂದು. ಎಲ್ಲದರ ಮೇಲೂ ಕುಂಕುಮ. ಯಾರಿಗೂ ಅನ್ಯಾಯವಾಗದ ಹಾಗೆ ಹಚ್ಚಿದ್ದರು. ಮತ್ತೆ ಸ್ವಿಚ್ಚು: ದುಂಡನೆಯ ಹಣೆಯಂಥ ಮುಖ, ಅದರ ನಟ್ಟನಡುವೆ, ತಾಯಿ ಮಗುವಿಗೆ ಇಟ್ಟ ಹಾಗೆ, ಒಣಗಿ ಗಟ್ಟಿಯಾದ ದಪ್ಪ ಬೊಟ್ಟು.

ಸ್ವಿಚ್ಚಿನ ಮುಖದ ನಟ್ಟನಡುವೆ ಸಾಸಿವೆ ಕಾಳಿನಷ್ಟು ಒಂದು ತೂತು ಇರುತ್ತದೆ. ಅದನ್ನು ಯಾರೂ ನೋಡುವುದಿಲ್ಲ. ಪರದೆಯ ಹಿಂದಿನಿಂದ ಫ್ಯಾನ್ ಎಳೆಯುವಾಗ ಮುಂದಿನಿಂದ ಹೊರಗಿನ ಗಾಳಿ ಒಳಗೆ ಬರಬೇಕು, ಆಗಲೇ ಪರದೆ ಬಾಗುವುದು. ತೂತು ಮುಚ್ಚಿದರೆ ಮುಂದಿನ ಕೋಣೆಯ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ತಂಪಿನಲ್ಲಿ ಅದು ಪರದೆಯನ್ನು ಬಾಗಲು ಬಿಡುವುದಿಲ್ಲ. ಕೋಣೆ ಬಿಸಿಯಾದರೆ ಅದೇ ಗಾಳಿ ಉಬ್ಬಿ, ಯಾರೂ ಎಳೆಯದೆಯೇ ಪರದೆಯನ್ನು ದೂಡುತ್ತದೆ. ಹವೆ ನೋಡಿ ಬುದ್ಧಿ ಬದಲಿಸುವ ಸ್ವಿಚ್ಚಿನ ಗುಟ್ಟು ಇಷ್ಟೇ. ಪಾಪ, ಅದು ಹಾಳಾಗಿರಲಿಲ್ಲ. ಮೂಗಿಗೆ ಗಂಧ ಮೆತ್ತಿದರೆ ಯಾರು ತಾನೇ ಉಸಿರಾಡುತ್ತಾರೆ?

ಗಿರಿಧರಣ್ಣನ ಪೆಟ್ಟಿಗೆಯಲ್ಲಿ ಎಲ್ಲ ಅಳತೆಯ ಪಾನಾ ಇದ್ದವು, ಈ ಕೆಲಸಕ್ಕೆ ಬೇಕಾದಷ್ಟು ಸಣ್ಣದು ಒಂದೂ ಇರಲಿಲ್ಲ. ನಾನು ದುಪಟ್ಟಾದ ಪಿನ್ನು ತೆಗೆದೆ. ಒಳಗಿನ ಪರದೆಗೆ ತಾಗಬಾರದು. ಪಿನ್ನನ್ನು ಮಲಗಿಸಿ ಹಿಡಿದು, ಮೇಲಿನಿಂದಲೇ ಸ್ವಲ್ಪ ಸ್ವಲ್ಪ ಎಬ್ಬಿಸಿದೆ. ಬೊಟ್ಟು ಒಂದೇ ಬಿಲ್ಲೆಯಾಗಿ ಎದ್ದು ಅಂಗೈಗೆ ಬಿತ್ತು. ಅದನ್ನು ಬಿಸಾಡಲು ಮನಸ್ಸಾಗದೆ ಹಣೆಗೆ ಒತ್ತಿಕೊಂಡೆ.

ಟ್ಯೂಬನ್ನು ಮತ್ತೆ ಸ್ವಿಚ್ಚಿಗೆ ಸಿಕ್ಕಿಸಿ, ಕರೆಂಟು ಹಾಕಿಸಿ, ಬಟನ್ ಒತ್ತಿಸಿದೆ. ಫ್ಯಾನ್ ತಿರುಗಿತು. ಟಕ್. ಆಮೇಲೆ ಕಿಡಿ, ಆಮೇಲೆ ನೀಲಿ ಬೆಂಕಿ. ನಾನು ಸಾವಿರ ಸಲ ಫೋನಿನಲ್ಲಿ ಕೇಳಿದ್ದ ಸದ್ದನ್ನು ಎದುರು ನಿಂತು ಕೇಳಿದ್ದು ಅದೇ ಮೊದಲು.

ಇದನ್ನು ಹಚ್ಚಿದ್ದು ಯಾರು ಎಂದು ವನಜಕ್ಕನನ್ನು ಕೇಳಿದೆ. ಅವರು ಹೆಮ್ಮೆಯಿಂದ, ಬೇರೆ ಯಾರು, ಶೆಣೈ ಸರ್ ಕೈಯಿಂದಲೇ ಹಚ್ಚಿಸಿದ್ದು ಎಂದರು. ಗಿರಿಧರಣ್ಣ ನಗಲು ಶುರುಮಾಡಿ ಮೈದಾ ಚೀಲದಿಂದ ಕೆಳಗೆ ಜಾರಿದರು. ಅಷ್ಟರಲ್ಲಿ ಫೋನ್ ಬಡಿಯಿತು; ಸರ್ ಅವರದೇ.

ಎಂತ ಆಗಿತ್ತು ಎಂದು ಕೇಳಿದರು. ಸ್ವಿಚ್ಚಿನ ತೂತಿನಲ್ಲಿ ಗಂಧ ಸಿಕ್ಕಿತ್ತು ಸರ್, ತೆಗೆದೆ, ಈಗ ಉರಿಯುತ್ತಾ ಉಂಟು ಎಂದೆ. ಯಾವ ಬುದ್ಧಿಗೇಡಿ ಅಲ್ಲಿಗೆ ಗಂಧ ಹಚ್ಚಿದ್ದು ಎಂದು ಅವರು ಗುಡುಗಿದ್ದು ಕೋಣೆಗೆಲ್ಲ ಕೇಳಿಸಿತು. ವನಜಕ್ಕ ನನ್ನ ಕೈಯಿಂದ ರಿಸೀವರ್ ಕಸಿದುಕೊಂಡರು.

"ನೀವೇ ಅಲ್ವಾ ಸರ್. ನೆನಪಿಲ್ವಾ?"

ಲೈನು ಕಟ್ಟಾಯಿತೋ ಎಂದು ವನಜಕ್ಕ ರಿಸೀವರನ್ನು ತಟ್ಟಿ ನೋಡಿದರು. ಆಮೇಲೆ ಸರ್ ನನ್ನನ್ನು ಕರೆದು, ಅಲ್ಲಿಯೇ ಇರು, ನಾನು ಬರುತ್ತೇನೆ ಎಂದರು. ಬೈಯಲು ಬರುತ್ತಿದ್ದಾರೆ ಎಂದುಕೊಂಡೆ. ವ್ಯಾನಿನಿಂದ ಇಳಿದವರ ಮುಖ ಬೆಳ್ಳಗಾಗಿತ್ತು. ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು, "ಆ ದಿನ ನಾನು ಮಣಿಪಾಲಕ್ಕೂ ಹೋಗಿದ್ದೇನೆ. ಕಾರ್ಕಳಕ್ಕೂ ಹೋಗಿದ್ದೇನೆ. ಎಲ್ಲ ಕಡೆ ಮುಚ್ಚಳ ತೆಗೆಸಿ ಹಚ್ಚಿದ್ದೇನೆ ಮಾರಾಯ್ತಿ."

ದಸರಾ ರಜೆಯಲ್ಲಿ ಹಾಸ್ಟೆಲ್ ಖಾಲಿಯಾಗಿ ಲಾಂಡ್ರಿಯ ಯಂತ್ರ ನಿಂತಿತ್ತು. ಹಪ್ಪಳದವರಿಗೆ ಬಿಸಿಲಿದ್ದುದರಿಂದ ಯಂತ್ರ ಬೇಕಾಗಿರಲಿಲ್ಲ. ಹಾಗಾಗಿ ಯಾರೂ ಇನ್ನೂ ದೂರು ಹೇಳಿರಲಿಲ್ಲ. ದೂರು ಬರುವ ಮೊದಲೇ ಹೋಗಿ ಎಲ್ಲ ಬೊಟ್ಟುಗಳನ್ನು ಎಬ್ಬಿಸಬೇಕಿತ್ತು. ಸರ್ ವ್ಯಾನಿನ ಮುಂದಿನ ಬಾಗಿಲು ತೆರೆದು, ಪಿನ್ನು ಉಂಟಲ್ಲ ಎಂದು ವಿಚಾರಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ವನಜಕ್ಕ ಮೊದಲ ಬ್ಯಾಚಿನ ಬನ್ನುಗಳನ್ನು ಕಾಗದದಲ್ಲಿ ಕಟ್ಟಿಕೊಟ್ಟರು.

ನನ್ನ ಇಡೀ ವೃತ್ತಿಯಲ್ಲಿ ಅಂಥ ಸಂತೋಷದ ಪ್ರಯಾಣ ಇನ್ನೊಂದಿಲ್ಲ. ಬಿಸಿ ಬನ್ನು ತಿನ್ನುತ್ತಾ ಮಣಿಪಾಲಕ್ಕೆ ಹೋದೆವು. ಲಾಂಡ್ರಿಯ ಮ್ಯಾನೇಜರ್ ಗಾಬರಿಯಿಂದ ಓಡಿ ಬಂದು ಏನಾದರೂ ತೊಂದರೆಯೇ ಎಂದು ಕೇಳಿದರೆ, ಸರ್ ಗಂಭೀರವಾಗಿ, ಹಬ್ಬದ ನಂತರದ ವಿಶೇಷ ತಪಾಸಣೆ, ನಮ್ಮ ಕಂಪೆನಿಯ ಪದ್ಧತಿ ಎಂದರು. ನಾನು ಯಂತ್ರದ ಒಳಗೆ ತಲೆ ಹಾಕಿ ನಗು ತಡೆದುಕೊಂಡು ಪಿನ್ನು ಆಡಿಸಿದೆ. ಕಾರ್ಕಳದ ಹಪ್ಪಳದ ಘಟಕದಲ್ಲಿ ಕೊಂಬಿನವರೇ ಎದುರಾದರು. ನನ್ನ ದನಿ ಕೇಳಿದ ಕೂಡಲೇ, ಊದಿ ಎಂದ ಹುಡುಗಿ ನೀವೇ ಅಲ್ವಾ ಎಂದು ಗುರುತು ಹಿಡಿದು, ಒಂದು ಕಟ್ಟು ಹಪ್ಪಳ ಕೊಟ್ಟರು. ಅಲ್ಲಿ ನಾನು ಮಾಡಿನ ಮೇಲೂ ಹತ್ತಿ ಚಿಮಣಿ ನೋಡಿದೆ. ಗಿರಾಕಿಗಳು ಏನೂ ಅಂದುಕೊಳ್ಳಲಿಲ್ಲ. ಏಣಿ ಹಿಡಿದುಕೊಂಡದ್ದು ಶೆಣೈ ಸರ್.

ಆಮೇಲೆ ಕೂರಿಸಿದ ಪ್ರತಿ ಯಂತ್ರದ ಹೊರಮೈಯಲ್ಲಿ ನಾವು ಅಂಗೈಯಗಲದ ಒಂದು ಹಳದಿ ವೃತ್ತ ಬರೆಯತೊಡಗಿದೆವು. ಆಯುಧ ಪೂಜೆಯ ಗಂಧ, ಕುಂಕುಮ, ಹೂವು ಎಲ್ಲ ಅಲ್ಲಿಗೆ. ಯಾರಿಗೂ ಬೇಸರವಾಗಲಿಲ್ಲ. ದೇವರಿಗೂ ಒಂದು ಜಾಗ, ಸ್ವಿಚ್ಚಿಗೂ ಒಂದು ಜಾಗ. ಗಿರಿಧರಣ್ಣ ತಮ್ಮ ಕೆಂಪು ವಯರಿನಿಂದ ಆಫೀಸಿನ ಬಾಗಿಲಿಗೆ ತೆನೆ ಕಟ್ಟಿದರು, ಅದನ್ನು ಬೇರೆ ಯಾವುದಕ್ಕೂ ಮತ್ತೆ ಬಿಚ್ಚಲಿಲ್ಲ.

ಈಗ ಕಾಲ ಬದಲಾಗಿದೆ. ಟಕ್ ಎನ್ನುವ ಸ್ವಿಚ್ಚಿನ ಬದಲು ಸದ್ದಿಲ್ಲದ ಸೆನ್ಸರ್ ಬಂದಿದೆ, ದೋಷ ಯಾವುದೆಂದು ಯಂತ್ರವೇ ಅಕ್ಷರದಲ್ಲಿ ತೋರಿಸುತ್ತದೆ, ನನ್ನ ಮರದ ಸ್ಕೇಲಿನ ಜಾಗದಲ್ಲಿ ಬ್ಯಾಟರಿಯ ಮೀಟರ್ ಬಂದಿದೆ. ಒಳ್ಳೆಯದೇ. ಆದರೆ ಯಂತ್ರದ ಸ್ಕ್ರೀನಿನಲ್ಲಿ ಪ್ರೆಶರ್ ಸ್ವಿಚ್ ದೋಷ ಎಂದು ಬಂದರೆ, ಸ್ವಿಚ್ಚು ಹಾಳಾಗಿದೆ ಎಂದು ಅರ್ಥವಲ್ಲ. ಸ್ವಿಚ್ಚು ಏನೋ ದೂರು ಹೇಳುತ್ತಿದೆ ಎಂದು ಅರ್ಥ. ಕೇಳಿಸಿಕೊಳ್ಳಿ. ಟ್ಯೂಬಿನಲ್ಲಿ ನೀರೋ, ಚಿಮಣಿಯಲ್ಲಿ ಗೂಡೋ, ಮೂಗಿನ ಮೇಲೆ ಗಂಧವೋ ನೋಡಿ. ಜಂಪರ್ ಮಾತ್ರ ಹಾಕಬೇಡಿ. ಗಿರಾಕಿ ಎಷ್ಟೇ ಕಣ್ಣೀರು ಹಾಕಲಿ, ಹಾಕಬೇಡಿ.

ಇಷ್ಟೆಲ್ಲ ಹೇಳಿ ಆ ಮುಂದಿನ ವರ್ಷದ ಆಯುಧ ಪೂಜೆಯನ್ನು ಹೇಳದಿದ್ದರೆ ಕತೆ ಮುಗಿಯುವುದಿಲ್ಲ. ಪಟದ ಮುಂದೆ ಬಾಳೆಲೆ ಹಾಸಿದ್ದರು. ಗಿರಿಧರಣ್ಣನ ಪಾನಾಗಳು ಎಂದಿನ ಹಾಗೆ ಹೊಳೆಯುತ್ತಿದ್ದವು. ಅವುಗಳ ಪಕ್ಕದಲ್ಲಿ ಈ ಸಲ ನನ್ನ ಚೀಲ. ಚೀಲದ ಮುಂದೆ ಎರಡು ಸ್ಕ್ರೂಡ್ರೈವರ್, ಪಕ್ಕಡ್, ತೊಳೆದು ಹೊಸ ನೀರು ತುಂಬಿಸಿದ ಮಾನೋಮೀಟರ್, ಅದರ ಮಗ್ಗುಲಲ್ಲಿ ಒಂದು ದುಪಟ್ಟಾದ ಪಿನ್ನು. ಪಿನ್ನನ್ನು ಇಟ್ಟದ್ದು ನಾನಲ್ಲ. ಫೋನು ಎಲ್ಲಿದೆ ಎಂದು ನೋಡಿದರೆ, ಅದು ಶೆಣೈ ಸರ್ ಅವರ ಮೇಜಿನ ಮೇಲಿತ್ತು.

ಸರ್ ಮಡಿಯುಟ್ಟು, ಗಂಧದ ಬಟ್ಟಲು ಹಿಡಿದು ಸಾಲಿನ ಉದ್ದಕ್ಕೂ ಬಂದರು. ಪಾನಾಗಳಿಗೆ ಹಚ್ಚಿದರು, ನನ್ನ ಸ್ಕ್ರೂಡ್ರೈವರುಗಳಿಗೆ ಹಚ್ಚಿದರು, ಪಿನ್ನಿಗೂ ಒಂದು ಚುಕ್ಕೆ ಇಟ್ಟರು. ಮಾನೋಮೀಟರಿನ ಮುಂದೆ ಬಂದಾಗ ಟ್ಯೂಬಿನ ತೆರೆದ ಬಾಯಿ ಕಂಡಿತು. ಉಂಗುರದ ಬೆರಳು ಗಾಳಿಯಲ್ಲಿಯೇ ನಿಂತಿತು. ಎಲ್ಲರೂ ನೋಡುತ್ತಿದ್ದರು. ಸರ್ ತಲೆಯೆತ್ತಿ ನನ್ನನ್ನು ಕರೆದರು.

"ಇದಕ್ಕೆ ಎಲ್ಲಿ ಹಚ್ಚುವುದು, ಸುಲೋಚನಾ?"

ನಾನು ಮುಂದೆ ಹೋಗಿ ಜಾಗ ತೋರಿಸಿದೆ.